ಅರ್ಧಕ್ಕೆ ನಿಂತ ಉಸಿರು

ವರ್ಷದ ಅತ್ಯುತ್ತಮ ನಟಿಯೆಂದು ಹೆಸರು ಕೂಗಿದಾಗ ಇಷಿತಾ ವೇದಿಕೆ ಹತ್ತಿದಳು. ಹೈದರಾಬಾದಿನ ಆ ಸಭಾಂಗಣದ ಹನ್ನೊಂದನೇ ಸಾಲಿನಲ್ಲಿ ಭ್ರಮರಾಂಬ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಮುಂಬೈಯ ಆ ಹುಡುಗಿಗೆ ತೆಲುಗು ಬಾರದು. ಸಿನಿಮಾದುದ್ದಕ್ಕೂ ಅವಳಿಗೆ ದನಿ ಕೊಟ್ಟವಳು ಭ್ರಮರಾಂಬ.

"ಹಾರ ಅವಳಿಗೆ, ಗಂಟಲಿಗೆ ಕಷಾಯ ನಿಂಗೆ," ಎಂದು ಪಕ್ಕದಲ್ಲಿದ್ದ ಅತ್ತಿಗೆ ಕುಟುಕಿದಳು.

"ಸುಮ್ನಿರಿ ಅತ್ತಿಗೆ."

ನಿರೂಪಕ ತೀರ್ಪುಗಾರರ ಮಾತು ಓದಿದ. ಸಿನಿಮಾದಲ್ಲಿ ತಾಯಿಯಾಗಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ, 'ಹೋಗಿ ಬಾ' ಎನ್ನುವ ಮೊದಲು ಅರ್ಧಕ್ಕೆ ನಿಂತ ಆ ಒಂದು ಉಸಿರಿಗಾಗಿ ಈ ಪ್ರಶಸ್ತಿಯಂತೆ. ಭ್ರಮರಾಂಬ ಕಣ್ಣು ಮುಚ್ಚಿದಳು. ಡಬ್ಬಿಂಗ್ ಕೋಣೆಯಲ್ಲಿ ಹದಿನಾರು ಸಲ ಎಳೆದು ಕೊನೆಗೆ ಕೂಡಿಬಂದಿದ್ದ ಉಸಿರು ಅದು.

"ಎದ್ದು ಹೇಳ್ಬಾರ್ದೇನೆ, ಅದು ನಂದು ಅಂತ?" ಎಂದಳು ಅತ್ತಿಗೆ.

ಇಷಿತಾ ಮೈಕ್ ಹಿಡಿದಳು. ಬಾಯಿಪಾಠ ಮಾಡಿಕೊಂಡು ಬಂದಿದ್ದ ಒಂದೇ ಒಂದು ತೆಲುಗು ಸಾಲು ನಾಲಿಗೆಗೆ ಬರಲಿಲ್ಲ. ಸಭೆ ಕಾಯಿತು. ಅವಳು ಗದ್ದ ತುಸು ಮೇಲೆತ್ತಿ, ಉಸಿರೆಳೆದು ಅರ್ಧಕ್ಕೆ ನಿಲ್ಲಿಸಿದಳು. ಮೈಕ್ ಅದನ್ನು ಕೊನೆಯ ಸಾಲಿಗೂ ಮುಟ್ಟಿಸಿತು.

ಅದೇ ಉಸಿರು. ಪರದೆಯ ಮೇಲೆ ಇಷಿತಾಳ ಗದ್ದ ಹೀಗೆಯೇ ಏಳುವುದನ್ನು ಹದಿನಾರು ಸಲ ನೋಡಿಯೇ ತಾನು ಅದನ್ನು ಕಲಿತದ್ದೆಂದು ಭ್ರಮರಾಂಬಳಿಗೆ ಈಗ ನೆನಪಾಯಿತು.

"ನೋಡು, ಒಂದು ಮಾತಾಡೋಕೂ ನೀನೇ ಬೇಕು ಅವಳಿಗೆ!" ಎಂದು ಅತ್ತಿಗೆ ನಕ್ಕಳು.

ಭ್ರಮರಾಂಬ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಸಭೆಯಲ್ಲಿ ಮೊದಲು ಕೇಳಿಸಿದ ಚಪ್ಪಾಳೆ ಅದೇ.