ಗೋಡೆ ನೋಡುವವರು

ಕಲ್ಲಿಗೆ ಉಜ್ಜಿ ಉಜ್ಜಿ ಅವಳು ಕತ್ತರಿಯ ಬಾಯನ್ನು ಹರಿತ ಮಾಡಿದ್ದಳು. ಅದನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸೆರಗು ಮುಚ್ಚಿ, ತಟ್ಟೆಗಳನ್ನು ಹಿಡಿದು ನಡುಮನೆಗೆ ಬಂದಳು. ಊಟ ಮುಗಿಯುವುದರೊಳಗೆ ಮೂವರಲ್ಲಿ ಒಬ್ಬರಾದರೂ ತನ್ನ ಮುಖ ನೋಡಿದರೆ ಕತ್ತರಿ ವಾಪಸ್ಸು ಡಬ್ಬಿಗೆ. ಇಲ್ಲದಿದ್ದರೆ ಇವತ್ತೇ ತೀರಿಹೋಗಲಿ.

ಯಜಮಾನ, ಮಗ, ಮಗಳು ಮೂವರೂ ಗೋಡೆಯ ಮುಂದೆ ಕೂತಿದ್ದರು. ಈಗ ಊರಿನ ಪ್ರತಿ ಮನೆಯಲ್ಲೂ ಒಂದು ಗೋಡೆ ಪೂರ್ತಿ ಪರದೆ. ಸರ್ಕಾರ ಹಾಕಿಸಿದ್ದು. ದಿನಕ್ಕೆ ನಾಲ್ಕು ತಾಸು ನೋಡಿದವರಿಗೆ ರೇಷನ್. ನಾಲ್ಕು ತಾಸು ಸಾಕು ಅಂದವರು ಸರ್ಕಾರದವರು. ಕೂತಲ್ಲಿಂದ ಏಳದವರು ಇವರು. ಗೋಡೆಯೊಳಗೆ ಒಂದು ಸಂಸಾರ ಹಗಲಿರುಳು ಬದುಕುತ್ತಿತ್ತು. ಆ ಸಂಸಾರದ ತಾಯಿಗೆ ಕೆಮ್ಮು ಬಂದರೆ ಇಲ್ಲಿ ಮೂವರಿಗೂ ಅನ್ನ ಇಳಿಯುತ್ತಿರಲಿಲ್ಲ.

ಅಡುಗೆಮನೆಯ ಕೆಮ್ಮು ಮಾತ್ರ ಯಾರ ಕಿವಿಗೂ ಬಿದ್ದಿರಲಿಲ್ಲ.

ಆವತ್ತು ಒಲೆಯ ಮುಂದೆ ಪಾತ್ರೆ ಉರುಳಿದ ಸದ್ದಿಗೆ ಮಗ, "ಅಮ್ಮಾ, ಸ್ವಲ್ಪ ಮೆಲ್ಲಗೆ" ಅಂದಿದ್ದ. ನೆಲದ ಮೇಲಿಂದ ಕೂಗು ಬಂದಾಗ ಯಜಮಾನ ಗೋಡೆಯ ದನಿ ಏರಿಸಿದ್ದ. ಹಿತ್ತಲಿಂದ ಓಡಿ ಬಂದವಳು ಪಕ್ಕದ ಮನೆಯ ದರ್ಜಿಯ ಹೆಂಡತಿ ಒಬ್ಬಳೇ. ಫೋನು ಮಾಡಬೇಕಾದವರಿಗೆ ಮಾಡಿದ್ದೂ ಅವಳೇ. ಪಕ್ಕದ ಮನೆಗೆ ಕೇಳಿಸಿದ್ದು ಪಕ್ಕದ ಕೋಣೆಗೆ ಕೇಳಿಸಲಿಲ್ಲವಲ್ಲ ಅಂತ ನೆನೆದಾಗಲೆಲ್ಲ ಇವಳು ಕತ್ತರಿಯನ್ನು ಇನ್ನೊಮ್ಮೆ ಕಲ್ಲಿಗೆ ಉಜ್ಜುತ್ತಿದ್ದಳು.

ಇವರಿಗೆ ಅವಕಾಶ ಕೊಡಲಿಲ್ಲ ಅಂತ ಯಾರೂ ಅನ್ನುವಂತಿಲ್ಲ. ಮರುದಿನ ಆಳುಗಳನ್ನು ಕರೆಸಿ, ಅಡುಗೆಮನೆಯಿಂದ ಸಾಗಿಸಬೇಕಾದ್ದನ್ನು, ಹಿತ್ತಲ ಬಾಗಿಲಿದ್ದರೂ, ಬೇಕೆಂದೇ ನಡುಮನೆಯಿಂದ ಸಾಗಿಸಿದ್ದಳು. ಯಜಮಾನ ಕತ್ತು ಕೊಂಕಿಸಿ, "ಬಗ್ಗಿ ಹೋಗ್ರಪ್ಪಾ, ಅಡ್ಡ ಆಗ್ತಿದೆ" ಅಂದ. ಅಷ್ಟೇ.

ಆಮೇಲೆ ಉಪ್ಪಿಲ್ಲದ ಊಟ ಬಡಿಸಿದಳು. ಉಂಡರು. ಮೊದಲ ಸಲ ಅದು ಬೇಕೆಂದು ಮಾಡಿದ್ದಲ್ಲ. ಉಪ್ಪಿನ ಡಬ್ಬಿಯೇ ಕಣ್ಣಿಗೆ ಬಿದ್ದಿರಲಿಲ್ಲ. ರವಿಕೆ ಸಡಿಲವಾಗಿ ಹೆಗಲಿಂದ ಜಾರುತ್ತಿತ್ತು. ಯಾಕೆ ಇಷ್ಟು ಇಳಿದುಹೋಗಿದ್ದೀಯ ಅಂತ ಕೇಳುವವರೇ ಇರಲಿಲ್ಲ. ಎಡಗೈಯಲ್ಲಿ ಬಾಚಣಿಗೆ ಹಿಡಿದು ಮಗಳ ತಲೆ ಬಾಚಿದಳು. ಹುಡುಗಿ ಗೋಡೆ ನೋಡುತ್ತಲೇ, "ಏನಮ್ಮಾ, ಜಡೆ ಹಾಕೋದೇ ಮರೆತುಹೋಯ್ತಾ?" ಅಂತ ನಕ್ಕಳು. ಬಾಚುತ್ತಿದ್ದ ಕೈ ನಿಂತಿತು. ಈಗ ತಿರುಗುತ್ತಾಳೆ, ಈಗ ತಿರುಗುತ್ತಾಳೆ ಅಂತ ಕಾದಳು. ಗೋಡೆಯಲ್ಲಿ ಯಾರೋ ಅತ್ತರು. ಹುಡುಗಿಯೂ ಅತ್ತಳು.

ಇವತ್ತು ತಟ್ಟೆ ಇಡುವಾಗ ಮಗನ ಮುಖದ ಹತ್ತಿರಕ್ಕೇ ಬಗ್ಗಿದಳು. ಅವನು ತಲೆ ವಾಲಿಸಿ, ಅವಳ ಭುಜದಾಚೆಗೆ ಕಣ್ಣು ಹಾಯಿಸಿದ. ಮಗಳು ತಟ್ಟೆಯನ್ನು ತಡಕಾಡಿ ಎಳೆದುಕೊಂಡಳು.

ಕೊನೆಗೆ ಯಜಮಾನನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಈ ಮನೇಲಿ ಹೆಂಗಸೊಬ್ಬಳು ಸತ್ತರೆ ನಿಮಗೆ ಗೊತ್ತಾಗುತ್ತಾ?"

"ಜಾಹೀರಾತು ಬರ್ಲಿ ಇರು," ಅಂದ ಅವನು, ತುತ್ತು ಬಾಯಿಗಿಡುತ್ತ. "ಆಮೇಲೆ ಮಾತಾಡೋಣ."

ತಟ್ಟೆಗಳು ಖಾಲಿಯಾದವು.

ಗೋಡೆಗೆ ಸ್ವಿಚ್ಚಿರಲಿಲ್ಲ. ತಂತಿ ಮುಟ್ಟಿದವರಿಗೆ ಜೈಲು. ಜೈಲಾದರೂ ಆಗಲಿ ಅಂದುಕೊಂಡಳು. ಇವರಿಗೆ ಬೆಳಕಿಲ್ಲದ ಗೋಡೆಗಿಂತ ದೊಡ್ಡ ಶಿಕ್ಷೆ ಯಾವುದೂ ಇರಲಿಲ್ಲ. ಅದಾದ ಮೇಲೆ ನೋಡಲು ಉಳಿಯುವುದು ತನ್ನ ಮುಖ ಒಂದೇ. ಅದನ್ನು ಅವರು ನೋಡಲೇಬೇಕಿತ್ತು. ಮೂಲೆಗೆ ಹೋಗಿ ಕತ್ತರಿ ತೆಗೆದು ತಂತಿಯನ್ನು ಕತ್ತರಿಸಿದಳು.

ಗೋಡೆ ಕಪ್ಪಾಯಿತು.

"ಅಮ್ಮಾ, ತಲೆ ಕೆಟ್ಟಿದೆಯಾ ನಿಂಗೆ?" ಮಗ ನುಗ್ಗಿ ಬಂದು ಅವಳ ತೋಳು ಹಿಡಿದು ತಿರುಗಿಸಿದ. ಮರುಕ್ಷಣ ಕೆಂಡ ಮುಟ್ಟಿದವನಂತೆ ಕೈಬಿಟ್ಟ. ಮಗಳು ಅಪ್ಪನ ಬೆನ್ನ ಹಿಂದೆ ಸರಿದಳು. ಯಜಮಾನ ಕಣ್ಣುಜ್ಜಿಕೊಂಡು ನೋಡಿದ, ಮತ್ತೆ ಉಜ್ಜಿಕೊಂಡು ನೋಡಿದ.

"ಅವಳು... ಅವಳೆಲ್ಲಿ?"

"ಅಕ್ಕನಾ, ಭಾವ? ಹೋದ ತಿಂಗಳು ನಿಮ್ಮ ಕಣ್ಣ ಮುಂದೇ ಹೊತ್ತುಕೊಂಡು ಹೋದೆವಲ್ಲ. ಬಗ್ಗಿ ಹೋಗಿ ಅಂದಿರಿ, ಬಗ್ಗಿಯೇ ಹೋದೆವು."