ತಣ್ಣಗಿದ್ದ ಕೊಳವೆ

“ಬೆರಳು ತೆಗಿಯಣ್ಣ! ಇದೇನು ನಿನ್ನ ಗ್ಯಾರೇಜಿನ ಗುಜರಿ ಅಂದ್ಕೊಂಡ್ಯಾ?” ತಮ್ಮ ರೇಗಿದ.

ಯಾವ ಗಾಡಿ ಬಂದರೂ ಮೊದಲು ಸೈಲೆನ್ಸರಿಗೆ ಬೆರಳಿಟ್ಟು ಮಸಿ ನೋಡುವುದು ಮೆಕ್ಯಾನಿಕ್ ಅಣ್ಣನ ಅಭ್ಯಾಸ. ಆರು ವರ್ಷ ಮಾತು ಬಿಟ್ಟಿದ್ದ ತಮ್ಮ ಹೊಸ ಕಾರು ತೋರಿಸಲೆಂದೇ ಬಂದಿದ್ದ. ಕಾರಿನ ಹಿಂದೆ ಫಳಫಳ ಹೊಳೆಯುವ ನಾಲ್ಕು ಸೈಲೆನ್ಸರ್ ಕೊಳವೆ. ಕಾರು ಈಗಷ್ಟೇ ನಿಂತಿದ್ದರೂ ಅವು ತಣ್ಣಗಿದ್ದವು. ಬೆರಳು ಪ್ಲಾಸ್ಟಿಕ್ಕಿಗೆ ತಗುಲಿತು.

“ಲೋ, ನಾಲ್ಕೂ ಮುಚ್ಚಿವೆ ಕಣೋ! ಬರೀ ಶೋಕಿಗೆ ಅಂಟಿಸಿದ್ದಾರೆ. ಅಸಲಿ ಪೈಪು ಕೆಳಗೆ ಕದ್ದು ಕೂತಿದೆ, ಬಾ ನೋಡು!” ಅಣ್ಣ ನೆಲಕ್ಕೆ ಬಗ್ಗಿ, ಹೊಟ್ಟೆ ಹಿಡಿದುಕೊಂಡು ನಕ್ಕ.

“ಜೀವಮಾನದಲ್ಲಿ ಒಂದ್ಸಲ ಚೆನ್ನಾಗಿದೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಅಣ್ಣ ಮಂಡಿ ಊರಿ ಏಳುವಷ್ಟರಲ್ಲಿ ಕಾರು ಗೇಟು ದಾಟಿತ್ತು. “ಚೆನ್ನಾಗಿದೆ ಕಣೋ!” ಎಂದು ಅವನು ಕೂಗಿದ್ದು ಖಾಲಿ ಗ್ಯಾರೇಜಿಗಷ್ಟೇ ಕೇಳಿಸಿತು. ತಮ್ಮ ಮತ್ತೆ ಬರಲಿಲ್ಲ.