ಪೂಜೆಯಾದ ಜಾಕೆಟ್

ಮಾನಪ್ಪ ದೋಣಿಯ ಅಂಚು ಹತ್ತಿ ನಿಂತಿದ್ದ. ಕೆಳಗೆ ಸಮುದ್ರ. ವಾಪಸ್ ಇಳಿಯೋಣವೆಂದರೆ ಮರ್ಯಾದೆ ಅಡ್ಡ ಬಂದಿತ್ತು.

ತಪ್ಪೆಲ್ಲ ಅವನ ಬಾಯಿಯದೇ. ಗೋವಾದ ಬೇತುಲ್‌ನಿಂದ ಮೀನು ಹಿಡಿಯುವ ಮೋಜಿಗೆ ಹೊರಟ ನಾಲ್ವರು ಪ್ರವಾಸಿಗರಿಗೆ ಲೈಫ್ ಜಾಕೆಟ್ ತೊಡಿಸಿ, ಸೀಟಿ ಊದಿ ತೋರಿಸಿ, ಎಂದಿನ ಭಾಷಣ ಬಿಗಿದಿದ್ದ. ದೋಣಿ ಮಗುಚಿದರೂ ಇದು ಕೈಬಿಡುವುದಿಲ್ಲ, ಈಜು ಬಾರದ ನಾನೇ ಇದನ್ನು ನಂಬಿದ್ದೇನೆ ಎಂದಿದ್ದ. ಅವರಲ್ಲೊಬ್ಬಳು, ನೀವು ಎಂದಾದರೂ ಹಾರಿ ನೋಡಿದ್ದೀರಾ ಎಂದು ಹಿಂದಿಯಲ್ಲಿ ಕೇಳಿಬಿಟ್ಟಳು.

ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂರು ವರ್ಷ ಮಡಗಾಂವಿನಲ್ಲಿ ಇಟ್ಟಿಗೆ ಹೊತ್ತು, ಈಗಷ್ಟೇ 'ಸೇಫ್ಟಿ ಮಾನಪ್ಪ' ಎನಿಸಿಕೊಂಡವನಿಗೆ ಇಲ್ಲ ಎನ್ನಲು ಬಾಯಿ ಬರಬೇಕಲ್ಲ!

ತನ್ನ ಜಾಕೆಟ್ಟನ್ನು ಅವನು ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ದಸರೆಗೆ ಅದನ್ನು ಮೋತಿ ಡೊಂಗರ್ ಗುಡ್ಡದ ಕೇರಿಯಲ್ಲಿದ್ದ ತನ್ನ ಮನೆಗೆ ಒಯ್ದು, ಹಳೆಯ ಸಲಿಕೆಯ ಪಕ್ಕದಲ್ಲಿಟ್ಟು, ವಿಭೂತಿ ಹಚ್ಚಿ ಆಯುಧ ಪೂಜೆ ಮಾಡಿದ್ದ. ಮೊದಲೆಲ್ಲ ಎದೆಗೆ ಒತ್ತುತ್ತದೆಂದು ದಿನವೂ ಗೊಣಗುತ್ತಿದ್ದ. ಪೂಜೆಯಾದ ಮೇಲೆ ಅದು ಮೆತ್ತಗಾಯಿತು. ಬನಶಂಕರಿಯ ದಯೆ ಎಂದು ಕೈ ಮುಗಿದ.

ಹೆಂಡತಿ ಹನುಮವ್ವನ ದಯೆ ಮಾತ್ರ ಅವನಿಗೆ ಬೇಡವಾಗಿತ್ತು. ದೋಣಿಯಲ್ಲಿ ಹಾಕಿಕೊಂಡು ಕೂರಲೆಂದು ಅವಳು ಅದೇ ಹಬ್ಬಕ್ಕೆ ದಿಂಬೊಂದನ್ನು ಹೊಲಿದು ಕೊಟ್ಟಿದ್ದಳು. ಕಲ್ಲಿನಂಥ ದಿಂಬು, ಅದಕ್ಕೆ ಕೆಂಪು ಹಳದಿ ತುಂಡುಗಳ ಕೌದಿಯ ಹೊದಿಕೆ. ಪ್ರವಾಸಿಗರ ಮುಂದೆ ನಾಚಿಕೆಯಾಗುತ್ತದೆಂದು ಅದನ್ನು ದೋಣಿಯ ಮೂಲೆಗೆ ಎಸೆದಿದ್ದ.

"ಹಾರಬ್ಯಾಡಣ್ಣಾ, ನಿನ್ನ ಮಾತು ನಂಬ್ಯಾರ," ಎಂದ ದೋಣಿ ನಡೆಸುವ ಕುಬೇರ.

ಮಾನಪ್ಪ ಹಾರಿದ. ಮೇಲೆ ಬಂದ, ಕೈ ಬೀಸಿದ, ಚಪ್ಪಾಳೆ ಗಿಟ್ಟಿಸಿದ. ಆಮೇಲೆ ಜಾಕೆಟ್ ಭಾರವಾಗತೊಡಗಿತು. ನೀರು ಗದ್ದಕ್ಕೆ ಬಂತು, ಮೂಗಿಗೆ ಬಂತು. ಆಪತ್ತಿನಲ್ಲಿ ಸೀಟಿ ಊದಬೇಕೆಂದು ತಾನೇ ಕಲಿಸಿದ್ದು ನೆನಪಾಯಿತು. ಊದಿದರೆ ಗುಳುಗುಳು ಎಂದಿತು. ಕುಬೇರ ಓಡಿಹೋಗಿ ತೇಲುವ ರಿಂಗಿಗೆ ಕೈ ಹಾಕಿದ. ಯಾರೂ ಕದಿಯದಿರಲೆಂದು ಅದಕ್ಕೆ ಮೂರು ಗಂಟು ಬಿಗಿದವನೂ ಸೇಫ್ಟಿ ಮಾನಪ್ಪನೇ. ಎರಡನೆಯ ಸಲ ಮುಳುಗುವಾಗ, ನಿನ್ನಂಥ ಶಾಣ್ಯಾನಿಗೆ ಹೀಗೇ ಆಗಬೇಕು ಎಂದು ತನಗೆ ತಾನೇ ಬೈದುಕೊಂಡ. ಹನುಮವ್ವನ ಮುಖ ಕಣ್ಣ ಮುಂದೆ ಬಂದು ಅಳುವೂ ಬಂತು.

ಗಂಟು ಬಿಚ್ಚಲಾಗದೆ ಕುಬೇರ ಕೈಗೆ ಸಿಕ್ಕಿದ್ದನ್ನು ಎಸೆದ. ಕೌದಿಯ ದಿಂಬು ನೆತ್ತಿಗೇ ಬಡಿಯಿತು. ಮಾನಪ್ಪ ಅದನ್ನು ತಬ್ಬಿಕೊಂಡ. ಅದು ಅವನನ್ನು ಹೊತ್ತು ತೇಲಿತು. ನಾಲ್ವರು ಪ್ರವಾಸಿಗರೂ ಸೇರಿ, ಸೇಫ್ಟಿಯವನನ್ನು ಅಂಗಿ ಹಿಡಿದು ಮೇಲೆಳೆದರು.

ಸಂಜೆ ಒದ್ದೆ ಜಾಕೆಟ್ಟನ್ನು ಹೆಂಡತಿಯ ಮುಂದೆ ಒಗೆದು ಮಾನಪ್ಪ ಕೂಗಾಡಿದ. ಮಾರಿದವನು ಮೋಸಗಾರ, ನಾಳೆಯೇ ದೋಣಿಯ ಮಾಲೀಕರಿಗೆ ಹೇಳಿ ಅವನ ಅಂಗಡಿ ಮುಚ್ಚಿಸುತ್ತೇನೆ ಎಂದ. ಹನುಮವ್ವ ಜಾಕೆಟ್ಟಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅವಳ ಮುಖ ಸಪ್ಪಗಾಯಿತು.

"ಅಂಗಡಿಯವ್ನ ಬೈಬ್ಯಾಡ್ರಿ. ಎದಿಗಿ ಒತ್ತತೈತಿ ಅಂತಿದ್ರಲ್ಲ, ಪೂಜಿ ದಿನ ಒಳಗಿನ ಬಿರುಸು ಹಲಿಗಿ ತಗದು ಹಳೇ ಸೀರಿ ತುಂಬೀನಿ. ಹಲಿಗಿ ಚೆಲ್ಲೂದು ಯಾಕಂತ ನಿಮ್ಮ ದಿಂಬಿಗಿ ಹಾಕೀನಿ."